ಮಳೆನೀರು ಹೋದ ದಾರಿ: ಹಳೆಯ ಎಂಎಕ್ಸ್-5 ಒಂದರ ಪ್ರಕರಣ

ಗಾಡಿ 2000ನೇ ಇಸವಿಯ ಮಜ್ದಾ ಎಂಎಕ್ಸ್-5. ಎರಡನೇ ತಲೆಮಾರಿನದು, 1.8 ಲೀಟರ್ ಪೆಟ್ರೋಲ್ ಎಂಜಿನ್, ಕಡುಹಸಿರು ಬಣ್ಣ, ಮಡಚುವ ಕಪ್ಪು ಟಾಪ್, ಎರಡೇ ಸೀಟು. ಊರು ಇಂಗ್ಲೆಂಡಿನ ಸ್ಲೌ. ಮಾಲೀಕ ನನ್ನ ಗೆಳೆಯ, ತೀರ್ಥಹಳ್ಳಿ ಕಡೆಯವನು, ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. 2022ರ ಏಪ್ರಿಲ್‌ನಲ್ಲಿ 1,900 ಪೌಂಡ್ ಕೊಟ್ಟು ಕೊಂಡ, 2024ರ ಬೇಸಿಗೆಯಲ್ಲಿ ಮಾರಿದ. ನಾನು ಮೆಕ್ಯಾನಿಕಲ್ ಓದಿದವನು ಅನ್ನುವ ಒಂದೇ ಕಾರಣಕ್ಕೆ ಗಾಡಿ ಕೆಮ್ಮಿದರೂ ಸೀನಿದರೂ ನನಗೆ ಫೋನು ಬರುತ್ತಿತ್ತು. ಹಾಗಾಗಿ ಬಿಲ್ಲು, ಪರೀಕ್ಷೆಯ ವರದಿ, ತುಕ್ಕಿನ ಫೋಟೊ ಎಲ್ಲವೂ ನನ್ನ ಹತ್ತಿರವೂ ಇವೆ.

ಹೊರದೇಶದಲ್ಲಿರುವ ನಮ್ಮವರಲ್ಲಿ ಈ ಪ್ರಶ್ನೆ ಆಗಾಗ ಬರುತ್ತದೆ: "ಎರಡು ಸಾವಿರಕ್ಕೆ ಓಪನ್ ಸ್ಪೋರ್ಟ್ಸ್ ಕಾರು ಸಿಗ್ತಿದೆ, ತಗೊಳ್ಳಲಾ?" ಹಳೇ ಗಾಡಿ, ದಾರಿಯಲ್ಲಿ ಕೈಕೊಡುತ್ತದೆ ಎಂದು ಯಾರಾದರೂ ಎಚ್ಚರಿಸುತ್ತಾರೆ. ಈ ಗಾಡಿ ಒಮ್ಮೆಯೂ ದಾರಿಯಲ್ಲಿ ಕೈಕೊಡಲಿಲ್ಲ. ಕೀ ತಿರುಗಿಸಿದಾಗಲೆಲ್ಲ ಎಂಜಿನ್ ಸ್ಟಾರ್ಟ್ ಆಯಿತು, ಗೇರು ಬೆಣ್ಣೆಯ ಹಾಗೆ ಬಿತ್ತು. ತೊಂದರೆಯೆಲ್ಲ ಬೇರೆ ಕಡೆಯಿಂದ ಬಂತು, ಮತ್ತು ಅದರ ಬಹುಪಾಲಿಗೆ ಮೂಲ ಮಳೆನೀರು.

ಇದೇ ಗಾಡಿ ಯಾಕೆ

ಚಿಕ್ಕ, ಹಗುರ, ಎರಡು ಸೀಟಿನ, ಟಾಪ್ ತೆಗೆಯುವ ಕಾರು ಎಂದರೆ ಒಂದು ಕಾಲಕ್ಕೆ ಇಂಗ್ಲೆಂಡಿನದೇ ಸ್ವತ್ತು. ಎಂಜಿ, ಟ್ರಯಂಫ್, ಲೋಟಸ್. ಎಣ್ಣೆ ಸೋರುವುದು, ಮಳೆಯಲ್ಲಿ ಕರೆಂಟ್ ಕೈಕೊಡುವುದು ಆ ಗಾಡಿಗಳ ಹುಟ್ಟುಗುಣ ಎಂದೇ ಜನ ಒಪ್ಪಿಕೊಂಡಿದ್ದರು. ಎಂಜಿಬಿ ತಯಾರಿಕೆ 1980ರಲ್ಲಿ ನಿಂತಿತು. 1989ರ ಫೆಬ್ರವರಿಯಲ್ಲಿ ಶಿಕಾಗೊ ಆಟೊ ಶೋದಲ್ಲಿ ಮಜ್ದಾ ಅದೇ ಮಾದರಿಯ ಕಾರನ್ನು, ಎಣ್ಣೆ ಸೋರದ ಹಾಗೆ ಮಾಡಿ ತೋರಿಸಿತು. ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್, ಬ್ರಿಟನ್ನಿನಲ್ಲಿ ಎಂಎಕ್ಸ್-5. 2016ರ ಹೊತ್ತಿಗೆ ಹತ್ತು ಲಕ್ಷ ಗಾಡಿ ತಯಾರಾಗಿದ್ದವು. ಎರಡು ಸೀಟಿನ ಓಪನ್ ಸ್ಪೋರ್ಟ್ಸ್ ಕಾರುಗಳಲ್ಲಿ ಜಗತ್ತಿನಲ್ಲೇ ಹೆಚ್ಚು ಮಾರಾಟವಾದದ್ದು ಇದು.

ಹೀಗೆ ಮಾರಾಟವಾದದ್ದರಿಂದ ಹಳೆಯ ಗಾಡಿಯ ಮಾಲೀಕನಿಗೆ ದೊಡ್ಡ ಲಾಭವಿದೆ. ಬಿಡಿಭಾಗ ಧಾರಾಳವಾಗಿ, ಅಗ್ಗವಾಗಿ ಸಿಗುತ್ತವೆ. ನಮ್ಮ ದೇಶದ ಸ್ಯಾನ್ ಸ್ಟಾರ್ಮ್ ನೆನಪಿರುವವರು ಇದನ್ನು ಬೇಗ ಒಪ್ಪುತ್ತಾರೆ. ಅದೂ ಎರಡು ಸೀಟಿನ ಓಪನ್ ಕಾರೇ, ಫೈಬರ್ ಮೈ, ರೆನೋ ಎಂಜಿನ್. ಮೈಗೆ ತುಕ್ಕಿನ ಭಯವಿಲ್ಲ, ಆದರೆ ಒಂದು ಬಾಗಿಲ ರಬ್ಬರು ಬೇಕೆಂದರೆ ಯಾರನ್ನು ಕೇಳುವುದು? ಎಂಎಕ್ಸ್-5ಕ್ಕೆ ಆ ಕಷ್ಟವಿಲ್ಲ. ಅದರ ಕಷ್ಟ ಬಿಡಿಭಾಗದ ಅಂಗಡಿಯಲ್ಲಿ ಸಿಗದ ಜಾಗದಲ್ಲಿದೆ: ಮೈಯ ತಗಡಿನಲ್ಲಿ.

ಗೆಳೆಯನ ತಲೆಯಲ್ಲಿ ಇನ್ನೊಂದು ಕನಸೂ ಇತ್ತು. ಮುಂದೊಂದು ದಿನ ಗಾಡಿಯನ್ನು ಊರಿಗೆ ಸಾಗಿಸಿ ಟಾಪ್ ತೆಗೆದು ಆಗುಂಬೆ ಘಾಟಿ ಇಳಿಸಬೇಕಂತೆ. ಭಾರತಕ್ಕೆ ಬರುವ ಸೆಕೆಂಡ್ ಹ್ಯಾಂಡ್ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು ಎಂಬ ನಿಯಮ ಹೇಳಿದ ಮೇಲೆ ಆ ಮಾತು ನಿಂತಿತು. ಟಾಪ್ ತೆಗೆದು ಓಡಿಸಲು ಇಡೀ ಕರ್ನಾಟಕದಲ್ಲಿ ಅವನಿಗೆ ಕಂಡ ಜಾಗ ಆಗುಂಬೆ ಎನ್ನುವುದನ್ನು ಮಾತ್ರ ನಾನು ಇವತ್ತಿಗೂ ಬಿಟ್ಟಿಲ್ಲ.

ನೀರು ಎಲ್ಲಿಂದ ಎಲ್ಲಿಗೆ

ಮೊದಲ ಲಕ್ಷಣ ಕಂಡದ್ದು ಗಾಡಿ ಕೊಂಡ ವರ್ಷದ ಅಕ್ಟೋಬರ್‌ನಲ್ಲಿ. ಬೆಳಿಗ್ಗೆ ಗಾಜಿನ ಒಳಗಡೆ ಮಂಜು. ಹೀಟರ್ ಹಾಕಿದರೂ ಹೋಗಲು ಬಹಳ ಹೊತ್ತು. ಆಮೇಲೆ ಕಮಟು ವಾಸನೆ. ಸೀಟಿನ ಹಿಂದಿನ ಕಾರ್ಪೆಟ್ ಒತ್ತಿದರೆ ಬೆರಳ ಸುತ್ತ ನೀರು ಏಳುತ್ತಿತ್ತು. ಟಾಪ್ ಹರಿದಿದೆ ಎಂದುಕೊಂಡು ಅವನು ಹೊಲಿಗೆಗಳಿಗೆಲ್ಲ ವಾಟರ್‌ಪ್ರೂಫ್ ದ್ರಾವಣ ಬಳಿದ. ಟಾಪ್ ಸರಿಯಾಗಿಯೇ ಇತ್ತು.

ಈ ಗಾಡಿಯಲ್ಲಿ ಟಾಪಿನ ಮೇಲೆ ಬಿದ್ದ ಮಳೆ ಹಿಂದಕ್ಕೆ ಹರಿದು, ಟಾಪಿನ ಹಿಂಬದಿಯ ಅಂಚಿನ ಕೆಳಗಿರುವ ಪ್ಲಾಸ್ಟಿಕ್ ದೋಣಿಯಲ್ಲಿ ಸೇರುತ್ತದೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ತೂತು, ಸೀಟ್ ಬೆಲ್ಟಿನ ಹಿಂದೆ. ಅದಕ್ಕೆ ಸೇರಿಸಿದ ನಳಿಗೆ ಮೈಯ ಒಳಗಿಂದ ಇಳಿದು ಹಿಂದಿನ ಚಕ್ರದ ಮುಂದೆ, ಗಾಡಿಯ ಅಡಿಯಲ್ಲಿ ನೀರು ಬಿಡುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಿ, ದೋಣಿಯ ಕಸ ತೆಗೆಯದಿದ್ದರೆ ಗೋಡೆಗೆ ನೀರು ಇಳಿಯುತ್ತದಲ್ಲ, ಇಲ್ಲಿಯೂ ಅಷ್ಟೇ. ಮರದ ಕೆಳಗೆ ನಿಲ್ಲಿಸಿದ ಗಾಡಿಯ ನಳಿಗೆ ಕಟ್ಟಿಕೊಂಡರೆ ನೀರು ಉಕ್ಕಿ ಒಳಗೆ ಬರುತ್ತದೆ. ಒಳಗೆ ಬಂದದ್ದರಲ್ಲಿ ಕಣ್ಣಿಗೆ ಕಾಣುವುದು ಕಾರ್ಪೆಟ್ಟಿನ ನೀರು ಮಾತ್ರ. ಕಾಣದ ಪಾಲು ಸಿಲ್ಲಿನೊಳಕ್ಕೆ ಹೋಗುತ್ತದೆ. ಸಿಲ್ ಎಂದರೆ ಬಾಗಿಲ ಕೆಳಗೆ ಮುಂದಿನಿಂದ ಹಿಂದಿನವರೆಗೆ ಓಡುವ ಟೊಳ್ಳು ಪೆಟ್ಟಿಗೆ. ಒಳಗೆ ಸೇರಿದ ನೀರು ಅದರ ಹಿಂತುದಿಯಲ್ಲಿ, ತಗಡುಗಳು ಒಂದರ ಮೇಲೊಂದು ಕೂಡುವ ಮೂಲೆಯಲ್ಲಿ ನಿಲ್ಲುತ್ತದೆ.

ನಳಿಗೆ ಬಿಡಿಸುವುದಕ್ಕೂ ಒಂದು ಕ್ರಮವಿದೆ. ಗೆಳೆಯ ಕೋಟು ನೇತುಹಾಕುವ ತಂತಿಯನ್ನು ನೆಟ್ಟಗೆ ಮಾಡಿಕೊಂಡು ಬಂದಿದ್ದ. "ಅದನ್ನ ಒಳಗೆ ತೂರಿಸಬೇಡ ಮಾರಾಯ" ಎಂದು ಕಸಿದುಕೊಂಡೆ. ಗಟ್ಟಿ ತಂತಿ ಜೋರಾಗಿ ಚುಚ್ಚಿದರೆ ಮೇಲ್ತುದಿಯ ಜೋಡಣೆ ಕಿತ್ತುಬರುತ್ತದೆ. ಆಮೇಲೆ ನಳಿಗೆ ತೆರೆದಿದ್ದರೂ ನೀರು ಪೂರ್ತಿ ಸಿಲ್ಲಿಗೇ. ಹುಲ್ಲು ಕತ್ತರಿಸುವ ಟ್ರಿಮ್ಮರಿನ ದಪ್ಪ ನೈಲಾನ್ ದಾರ ಇದಕ್ಕೆ ಸರಿ. ಬಗ್ಗುತ್ತದೆ, ಆದರೆ ಮಡಚಿಕೊಳ್ಳುವುದಿಲ್ಲ. ದಾರವನ್ನು ತಿರುಚುತ್ತ ಇಳಿಸಿ, ಮೇಲಿಂದ ಸ್ವಲ್ಪ ಸ್ವಲ್ಪವೇ ನೀರು ಬಿಟ್ಟೆವು. ಎಡಗಡೆ ಕೊನೆಗೆ ಕಪ್ಪು ಗೊಜ್ಜಿನಂತಹ ಕೆಸರು ಬಿತ್ತು, ಅದರೊಳಗೆ ಪಾಚಿ, ಕೊಳೆತ ಎಲೆ, ಸಿಕಮೋರ್ ಮರದ ರೆಕ್ಕೆ ಬೀಜಗಳು. ಬಲಗಡೆ ಮೇಲಿಂದ ಬಿಟ್ಟ ನೀರು ಕೆಳಗೆ ಬರಲೇ ಇಲ್ಲ, ಒಳಗೂ ಉಕ್ಕಲಿಲ್ಲ. ಎಲ್ಲಿಗೆ ಹೋಯಿತು ಎಂಬುದಕ್ಕೆ ಉತ್ತರ ಮರುವರ್ಷದ ಏಪ್ರಿಲ್‌ನಲ್ಲಿ ಸಿಕ್ಕಿತು.

ರ‍್ಯಾಂಪಿನ ಮೇಲೆ

ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿವರ್ಷ ಎಂಒಟಿ ಪರೀಕ್ಷೆ. ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್. ನಮ್ಮ ಎಫ್‌ಸಿಯ ಹಾಗೆ ಎಂದುಕೊಳ್ಳಿ, ಆದರೆ ಇಲ್ಲಿ ಟೆಸ್ಟರ್ ನಿಜವಾಗಿಯೂ ಗಾಡಿಯ ಅಡಿಗೆ ಹೋಗುತ್ತಾನೆ. ಪ್ಲಾಸ್ಟಿಕ್ ತುದಿಯ ಸಣ್ಣ ಉಪಕರಣ ಹಿಡಿದು ತಗಡನ್ನು ತಟ್ಟುತ್ತ ಬಂದ. ಟಣ್, ಟಣ್, ಟಣ್. ಬಲಗಡೆ ಹಿಂದಿನ ಚಕ್ರದ ಹತ್ತಿರ ಬಂದಾಗ 'ದಬ್' ಎಂದಿತು. ಇನ್ನೊಮ್ಮೆ ತಟ್ಟಿದ. ತುಕ್ಕು ತಡೆಯಲೆಂದು ಅಡಿಗೆ ಬಳಿಯುವ ಕಪ್ಪು ಅಂಡರ್‌ಸೀಲಿನ ಹೊದಿಕೆ ಹಪ್ಪಳದ ಹಾಗೆ ಎದ್ದು ಬಂತು. ಅದರಡಿ ಬೆರಳು ದಪ್ಪದ ಪುಟ್ಟಿ, ಪುಟ್ಟಿಯ ಹಿಂದೆ ಅಲ್ಯುಮಿನಿಯಂ ಜಾಲರಿ, ಜಾಲರಿಯ ಹಿಂದೆ ಒದ್ದೆಯಾದ ಹಳದಿ ಫೋಮು. ತಗಡೇ ಇಲ್ಲ.

ಇಷ್ಟಕ್ಕೆ ಫೇಲ್ ಮಾಡುತ್ತಾರಾ ಎಂದರೆ, ಮಾಡಲೇಬೇಕು. ಸಸ್ಪೆನ್ಷನ್, ಸೀಟ್ ಬೆಲ್ಟ್ ಮುಂತಾದವು ಮೈಗೆ ಕೂಡುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಭಾರ ಹೊರುವ ತಗಡು ತುಕ್ಕಿನಿಂದ ಬಲ ಕಳೆದುಕೊಂಡಿದ್ದರೆ ಪಾಸಿಲ್ಲ. ಪುಟ್ಟಿ, ಫೈಬರ್ ಹಚ್ಚಿದ್ದು ರಿಪೇರಿ ಎನಿಸುವುದಿಲ್ಲ. ಹೊಸ ತಗಡಿಟ್ಟು ಬಿಡುವಿಲ್ಲದೆ ಬೆಸುಗೆ ಹಾಕಬೇಕು. ಓಪನ್ ಗಾಡಿಯಲ್ಲಿ ಈ ನಿಯಮಕ್ಕೆ ಹೆಚ್ಚಿನ ಅರ್ಥವೂ ಇದೆ. ಮಾಮೂಲಿ ಕಾರಿನಲ್ಲಿ ಮೈಯ ಬಿಗಿಯಲ್ಲಿ ಮೇಲಿನ ಛಾವಣಿಗೂ ಪಾಲಿದೆ. ಇಲ್ಲಿ ಛಾವಣಿಯೇ ಬಟ್ಟೆ. ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿರುವುದು ನಡುವಿನ ಸುರಂಗ ಮತ್ತು ಈ ಎರಡು ಸಿಲ್ಲುಗಳು. ಸಿಲ್ ತಿಂದುಹೋದ ಓಪನ್ ಕಾರು ಅಪಘಾತದಲ್ಲಿ ಹೇಗೆ ಮಡಚಿಕೊಳ್ಳುತ್ತದೆ ಎಂದು ಯೋಚಿಸಲು ಎಂಜಿನಿಯರಿಂಗ್ ಓದಬೇಕಿಲ್ಲ.

ಎರಡನೇ ಏಟು ಮುಂದುಗಡೆ. ಈ ಎರಡನೇ ತಲೆಮಾರಿನ ಗಾಡಿಯ ಮುಂದಿನ ಚಾಸಿಸ್ ಕಾಲುಗಳಲ್ಲಿ, ಎಂದರೆ ಎಂಜಿನ್ನಿನ ಎರಡೂ ಬದಿ ಮುಂದಕ್ಕೆ ಚಾಚಿ ಭಾರ ಹೊರುವ ತೊಲೆಗಳಲ್ಲಿ, ತಗಡಿನ ಪದರಗಳಿವೆ. ಪದರಗಳ ನಡುವೆ ನೀರು ಕೂತು ಒಳಗಿನಿಂದ ಹೊರಕ್ಕೆ ತಿನ್ನುತ್ತದೆ. ಹೊರಗೆ ಬಣ್ಣ ಗುಳ್ಳೆ ಏಳುವಷ್ಟರಲ್ಲಿ ಒಳಗೆ ಮುಗಿದಿರುತ್ತದೆ. ಹಳಬರು ಮೊದಲು ನೋಡುವ ಜಾಗ ಇದು. ಹೊಸಬರು ಬಾನೆಟ್ ತೆಗೆದು ಎಂಜಿನ್ ಹೊಳಪು ನೋಡುತ್ತಾರೆ. ಮಳೆಯ ಜೊತೆಗೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪೂ ಸೇರಿಸಿಕೊಳ್ಳಿ. ಚೆಷೈರ್‌ನ ವಿನ್ಸ್‌ಫರ್ಡ್ ಗಣಿಯಿಂದ ತೆಗೆದ ಕಂದು ಕಲ್ಲುಪ್ಪು ಮಂಜುಗಡ್ಡೆ ಕಟ್ಟದಂತೆ ರಸ್ತೆ ಕಾಯುತ್ತದೆ, ಗಾಡಿಯ ಅಡಿಯನ್ನು ಕಾಯುವುದಿಲ್ಲ. ಜಪಾನಿನಿಂದ ಆಮದಾದ ಯೂನೋಸ್ ಗಾಡಿಗಳನ್ನು ಇಲ್ಲಿಯವರು ಹುಡುಕಿಕೊಂಡು ಹೋಗುವುದಕ್ಕೆ ಒಂದು ಕಾರಣ, ಅವು ಇಷ್ಟು ಉಪ್ಪು ತಿಂದಿರುವುದಿಲ್ಲ ಎಂಬ ನಂಬಿಕೆ.

ನನಗೆ ಬೇಸರವಾದದ್ದು ಇನ್ನೊಂದಕ್ಕೆ. ನಂಬರ್ ಪ್ಲೇಟ್ ಹಾಕಿದರೆ ಯಾವುದೇ ಗಾಡಿಯ ಎಂಒಟಿ ಇತಿಹಾಸ ಸರ್ಕಾರಿ ಜಾಲತಾಣದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಆವತ್ತು ಸಂಜೆ ಇಬ್ಬರೂ ಕೂತು ತೆಗೆದೆವು. ಹಿಂದಿನ ಮಾಲೀಕನ ಕಾಲದಲ್ಲಿ ಒಂದು ವರ್ಷ "ಸಿಲ್ಲಿನಲ್ಲಿ ತುಕ್ಕು, ಇನ್ನೂ ಬಲ ಕುಂದಿಲ್ಲ" ಎಂಬ ಸೂಚನೆ. ಮರುವರ್ಷ "ಅಡಿಭಾಗಕ್ಕೆಲ್ಲ ದಪ್ಪ ಅಂಡರ್‌ಸೀಲ್ ಬಳಿಯಲಾಗಿದೆ". ಅದರ ಮರುವರ್ಷ ಏನೂ ಇಲ್ಲ, ನೀಟಾಗಿ ಪಾಸು. ಮೂರು ಸಾಲಿನಲ್ಲಿ ಇಡೀ ಕಥೆ ಬರೆದಿಟ್ಟಿದ್ದರು. ತುಕ್ಕು ತಾನಾಗಿ ಮಾಯವಾಗುವುದಿಲ್ಲ, ಯಾರೋ ಮುಚ್ಚಿರುತ್ತಾರೆ. ಗೆಳೆಯ ಕೊಳ್ಳುವಾಗ ನೋಡಿದ್ದು ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ಇದೆಯೇ ಎಂದು ಮಾತ್ರ. ಅದನ್ನು ಸುಮಾರು 60,000 ಮೈಲಿಗೊಮ್ಮೆ ಬದಲಿಸಬೇಕು, ಈ ಗಾಡಿಯಲ್ಲಿ ಬದಲಿಸಿರಲಿಲ್ಲ, ಅದನ್ನೇ ತೋರಿಸಿ ಚೌಕಾಸಿ ಮಾಡಿ ನೂರು ಪೌಂಡ್ ಇಳಿಸಿದ್ದ. ಬೆಲ್ಟು, ವಾಟರ್ ಪಂಪು, ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಸೇರಿ ಸುಮಾರು 450 ಪೌಂಡ್ ಆಗಿತ್ತು. ಆ ಖರ್ಚು ನನಗೆ ದೂರೇ ಅಲ್ಲ, ಯಾವ ಹಳೆಯ ಗಾಡಿಗೂ ಬರುವಂಥದ್ದು.

ಬೆಸುಗೆಗೆ 1,300 ಪೌಂಡ್. ಎರಡೂ ಸಿಲ್ಲಿನ ಹಿಂತುದಿ, ಚಕ್ರದ ಕಮಾನಿನ ಒಳ ತಗಡು, ಮುಂದಿನ ಎಡಗಡೆಯ ಕಾಲು. ತಗಡಿನ ಬೆಲೆ ಅದರಲ್ಲಿ ಸಣ್ಣ ಪಾಲು, ಉಳಿದದ್ದು ಕೂಲಿ. ಈ ಜಾತಿಯ ಗಾಡಿಯ ಮುಖ್ಯ ತೊಡಕು ನನ್ನ ಲೆಕ್ಕದಲ್ಲಿ ಇಲ್ಲಿದೆ. ಕೊಳ್ಳುವ ಬೆಲೆ ಹಳೆಯ ಗಾಡಿಯದು, ಕೂಲಿ ಮಾತ್ರ ಇವತ್ತಿನದು. ಮೂವತ್ತು ಸಾವಿರದ ಕಾರಿನ ಸಿಲ್ಲಿಗೆ ಹಿಡಿಯುವ ಹೊತ್ತೇ ಎರಡು ಸಾವಿರದ ಕಾರಿನ ಸಿಲ್ಲಿಗೂ ಹಿಡಿಯುತ್ತದೆ. ತಲೆ ಓಡಿಸಿದವನು ಆವತ್ತೇ ಗುಜರಿಗೆ ಹಾಕುತ್ತಿದ್ದ. ಗೆಳೆಯ ಬೆಸುಗೆ ಹಾಕಿಸಿದ. ಹಾಕಿಸು ಎಂದು ನಾನೂ ಹೇಳಿದೆ, ಅಷ್ಟರಲ್ಲಿ ಆ ಗಾಡಿಯ ಮೇಲೆ ನನಗೂ ಮೋಹ ಬಂದಿತ್ತು. ಒಂದು ಷರತ್ತು ಹಾಕಿದ್ದೆ: ಕತ್ತರಿಸಿದಾಗ, ಹೊಸ ತಗಡಿಟ್ಟಾಗ, ಬೆಸುಗೆ ಮುಗಿದಾಗ, ಮೇಣ ಸಿಂಪಡಿಸಿದಾಗ ಗ್ಯಾರೇಜಿನವರು ಫೋಟೊ ತೆಗೆದುಕೊಡಬೇಕು, ಬಣ್ಣ ಅದಾದ ಮೇಲೆ.

ನೀರಲ್ಲದ ತಾಪತ್ರಯ

ಗೆಳೆಯನ ಅಪ್ಪ-ಅಮ್ಮ ಊರಿಂದ ಬರುವವರಿದ್ದರು. "ಈ ಗಾಡೀಲಿ ಅವ್ರನ್ನ ಹೇಗ್ರೀ ಕರ್ಕೊಂಡ್ ಬರೋದು? ಒಬ್ಬರನ್ನ ಕೂರಿಸ್ಕೊಂಡು ಇನ್ನೊಬ್ಬರನ್ನ ಏರ್‌ಪೋರ್ಟಲ್ಲೇ ಬಿಟ್ಟು ಬರ್ತೀರಾ?" ಎಂದು ಅವನ ಹೆಂಡತಿ ಕೇಳಿದ್ದು ನ್ಯಾಯವಾಗಿತ್ತು. ಡಿಕ್ಕಿಯ ಅಳತೆ 144 ಲೀಟರ್. ಅದರಲ್ಲೇ ಬ್ಯಾಟರಿ, ಸ್ಟೆಪ್ನಿ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ತುಂಬಿದ ದೊಡ್ಡ ಸೂಟ್‌ಕೇಸ್ ಒಂದೂ ಅದರೊಳಗೆ ಇಳಿಯುವುದಿಲ್ಲ. ಮನೆಯಲ್ಲಿ ಇನ್ನೊಂದು ಕಾರು ಇದ್ದದ್ದರಿಂದ ನಡೆಯಿತು. ಇದೊಂದೇ ಗಾಡಿ ಸಾಕು ಎಂದು ಕೊಳ್ಳುವ ಮದುವೆಯಾದವರನ್ನು ಕಂಡರೆ ನನಗೆ ಭಯ. ಹಸುಗೂಸಿನ ಸೀಟು ಹಾಕಬೇಕೆಂದರೆ ಹಿಂದಿನ ಸೀಟೇ ಇಲ್ಲ, ಮುಂದಿನ ಸೀಟಿನ ಏರ್‌ಬ್ಯಾಗ್ ಚಾಲ್ತಿಯಲ್ಲಿದ್ದರೆ ಹಿಂದೆ ಮುಖಮಾಡಿದ ಮಕ್ಕಳ ಸೀಟು ಅಲ್ಲಿ ಕೂರಿಸುವುದು ಕಾನೂನಿಗೆ ವಿರುದ್ಧ.

2023ರ ಆಗಸ್ಟ್ 29ರಂದು ಲಂಡನ್ನಿನ ಯೂಲೆಜ್ ವಲಯ, ಎಂದರೆ ಹೊಗೆ ಹೆಚ್ಚು ಬಿಡುವ ಗಾಡಿಗೆ ಶುಲ್ಕ ಹಾಕುವ ವಲಯ, ನಗರದ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ಹಬ್ಬಿತು. ಪೆಟ್ರೋಲ್ ಗಾಡಿ ಯೂರೋ 4 ಎಂಬ ಹೊಗೆಯ ಮಟ್ಟ ಮುಟ್ಟದಿದ್ದರೆ ಒಳಗೆ ಓಡಿಸಿದ ದಿನಕ್ಕೆ 12.50 ಪೌಂಡ್. ಸ್ಲೌ ಹೊರಗಿದೆ, ಆದರೆ ಪಕ್ಕದ ಹಿಲಿಂಗ್ಡನ್ ಒಳಗೆ, ಹೀಥ್ರೂ ಒಳಗೆ, ಹಬ್ಬಕ್ಕೆ ಕನ್ನಡದವರು ಸೇರುತ್ತಿದ್ದ ಹ್ಯಾರೊ ಒಳಗೆ. ಈ ಗಾಡಿ ಮಟ್ಟ ಮುಟ್ಟುವುದಿಲ್ಲ. ರಸ್ತೆ ತೆರಿಗೆಯೂ ಹಾಗೆಯೇ. 2001ರ ಮಾರ್ಚ್‌ಗೆ ಮೊದಲು ನೋಂದಣಿಯಾದ ಗಾಡಿಗೆ ಎಂಜಿನ್ ಅಳತೆಯ ಮೇಲೆ ತೆರಿಗೆ, 1,549 ಸಿಸಿ ದಾಟಿದರೆ ಹೆಚ್ಚಿನ ದರ, ವರ್ಷಕ್ಕೆ ಮುನ್ನೂರು ಪೌಂಡ್ ಮೀರಿ. ಭಾನುವಾರ ಮಾತ್ರ ಹೊರಡುವ ಗಾಡಿಗೂ ಅಷ್ಟೇ.

ಮೋಟರ್‌ವೇಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಎಂಜಿನ್ ಗುಂಯ್ಗುಡುತ್ತದೆ, ಬಟ್ಟೆಯ ಟಾಪಿನ ಸದ್ದು ಅದರ ಮೇಲೆ. ಫೋನಿನಲ್ಲಿ ಮಾತು ಸಾಧ್ಯವಿಲ್ಲ, ಅದೇನೂ ನಷ್ಟವಲ್ಲ ಬಿಡಿ. ಗ್ಯಾರೇಜಿಲ್ಲದೆ ರಸ್ತೆಯಲ್ಲಿ ನಿಲ್ಲಿಸುವವರಿಗೆ ಟಾಪ್ ಕೊಯ್ಯುವ ಕಳ್ಳರ ಹೆದರಿಕೆ ಇದ್ದೇ ಇದೆ. ಒಳಗೆ ಏನೂ ಇಡದೆ ಬಾಗಿಲು ಲಾಕ್ ಮಾಡದೆ ಬಿಡುವವರಿದ್ದಾರೆ. ನೂರು ರೂಪಾಯಿಯ ಕನ್ನಡಕಕ್ಕಾಗಿ ಸಾವಿರಾರು ರೂಪಾಯಿಯ ಟಾಪ್ ಹರಿಯುವುದಕ್ಕಿಂತ ಅದು ವಾಸಿ.

ಇವೆಲ್ಲ ಸಹಿಸಬಹುದಾದವು. ಸಹಿಸಲಾಗದ್ದು ವಿಮೆಯಿಂದ ಬಂತು. 2023ರ ನವೆಂಬರ್‌ನಲ್ಲಿ ಸೂಪರ್‌ಮಾರ್ಕೆಟ್ ಪಾರ್ಕಿಂಗಿನಲ್ಲಿ ಯಾರೋ ರಿವರ್ಸ್ ತೆಗೆಯುತ್ತ ಹಿಂದಿನ ಎಡ ರೆಕ್ಕೆಗೆ, ಎಂದರೆ ಚಕ್ರದ ಮೇಲಿನ ಹೊರ ತಗಡಿಗೆ, ಗುದ್ದಿದರು. ಅಂಗೈ ಅಗಲದ ನೆಗ್ಗು. ಮುಂದಿನ ರೆಕ್ಕೆಯಾಗಿದ್ದರೆ ಬೋಲ್ಟ್ ಬಿಚ್ಚಿ ಬೇರೆ ಹಾಕಬಹುದಿತ್ತು. ಹಿಂದಿನದು ಮೈಗೇ ಬೆಸೆದದ್ದು. ಟಿಂಕರಿಂಗ್, ಬಣ್ಣ ಸೇರಿ ಸಾವಿರ ಪೌಂಡ್ ಮೀರುವ ಅಂದಾಜು ಬಂತು. ವಿಮೆಯವರು ಗಾಡಿಯ ಮಾರುಕಟ್ಟೆ ಬೆಲೆ 1,600 ಎಂದು ಹಾಕಿ, ರಿಪೇರಿ ಲಾಭವಿಲ್ಲ ಎಂದು ರೈಟ್-ಆಫ್ ಮಾಡಿಬಿಟ್ಟರು. 2017ರ ಅಕ್ಟೋಬರ್‌ನಿಂದ ಇಲ್ಲಿ ರಿಪೇರಿ ಮಾಡಬಹುದಾದ ರೈಟ್-ಆಫ್‌ಗೆ ಎರಡು ಹಣೆಪಟ್ಟಿ: ಮೈಯ ಚೌಕಟ್ಟಿಗೆ ಪೆಟ್ಟಾಗಿದ್ದರೆ ಎಸ್, ಇಲ್ಲದಿದ್ದರೆ ಎನ್. ಇದು ಎನ್. ಆ ಹಣೆಪಟ್ಟಿ ಗಾಡಿಯ ದಾಖಲೆಯಲ್ಲಿ ಉಳಿದುಹೋಗುತ್ತದೆ. ಅದೇ ವರ್ಷ ಹಾಕಿಸಿದ 1,300ರ ಬೆಸುಗೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಾರುಕಟ್ಟೆ ಬೆಲೆಯ ಬದಲು ಮೊದಲೇ ಒಪ್ಪಿಕೊಂಡ ಬೆಲೆಗೆ ವಿಮೆ ಮಾಡಿಸಿದ್ದರೆ ಹೀಗಾಗುತ್ತಿರಲಿಲ್ಲ. ಹಳೆಯ ಗಾಡಿಗೆ ಅಂಥ ಪಾಲಿಸಿಗಳಿವೆ, ಫೋಟೊ ಮತ್ತು ಬಿಲ್ಲು ತೋರಿಸಬೇಕು. ಫೋಟೊ ನಮ್ಮ ಹತ್ತಿರ ಇದ್ದವು, ಪಾಲಿಸಿ ಬೇರೆಯದಾಗಿತ್ತು.

ಗುಜರಿ ಬೆಲೆ ಮುರಿದುಕೊಂಡು ಸುಮಾರು 1,300 ಕೊಟ್ಟರು, ಗಾಡಿ ಅವನಲ್ಲೇ ಉಳಿಯಿತು. ನೆಗ್ಗನ್ನು ಹಾಗೇ ಬಿಟ್ಟ.

ಮಾರಾಟ

ಕೊಂಡದ್ದು, ಬೆಲ್ಟು, ಬೆಸುಗೆ, ಜಾಮಾಗಿದ್ದ ಹಿಂದಿನ ಬ್ರೇಕ್ ಕ್ಯಾಲಿಪರ್ ಎಲ್ಲ ಕೂಡಿದರೆ 3,800 ಪೌಂಡಿನ ಆಸುಪಾಸು. ವಿಮೆಯಿಂದ ಬಂದದ್ದನ್ನೂ ಮಾರಿದ ಹಣವನ್ನೂ ಕಳೆದರೆ ನಷ್ಟ 1,400. ತೆರಿಗೆ, ವಿಮೆ, ಪೆಟ್ರೋಲು ಬೇರೆ. ಹೊಸ ಕಾರು ಕೊಂಡವನು ಇದಕ್ಕಿಂತ ಹೆಚ್ಚನ್ನು ಮೊದಲ ವರ್ಷವೇ ಕಳೆದುಕೊಳ್ಳುತ್ತಾನೆ ಎಂದು ಗೆಳೆಯ ಸಮರ್ಥಿಸಿಕೊಳ್ಳುತ್ತಾನೆ. ಲೆಕ್ಕದ ಮಟ್ಟಿಗೆ ಅವನದು ಸರಿ. ಆದರೆ ಹೊಸ ಕಾರು ಕೊಂಡವನು ಶನಿವಾರ ಬೆಳಿಗ್ಗೆ ಕಾರ್ಪೆಟ್ ಒಣಹಾಕುತ್ತ ಕೂರುವುದಿಲ್ಲ. ಹಾಗೆ ಕೂರುವುದೇ ಖುಷಿ ಅನ್ನುವವರು ಈ ಗಾಡಿ ಕೊಳ್ಳಬಹುದು. ಅವನಿಗೆ ಓಡಿಸುವುದು ಖುಷಿ, ಕೂರುವುದಲ್ಲ.

ಜಾಹೀರಾತು ಹಾಕಿದ ಮೇಲೆ ಬಂದವರಲ್ಲಿ ಬಹಳಷ್ಟು ಜನ ರೆಕ್ಕೆಯ ನೆಗ್ಗು ನೋಡಿ, ಎನ್ ಹಣೆಪಟ್ಟಿ ಕೇಳಿ, ಆರುನೂರಕ್ಕೆ ಕೇಳಿದರು. ಕೊನೆಗೆ ವಿಲ್ಟ್‌ಶೈರ್ ಕಡೆಯಿಂದ ನಿವೃತ್ತರೊಬ್ಬರು ಬಂದರು, ಕೈಯಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತ. ಟಾಪ್ ಮುಟ್ಟಲಿಲ್ಲ, ಎಂಜಿನ್ ಸ್ಟಾರ್ಟ್ ಮಾಡಿ ಎನ್ನಲಿಲ್ಲ. ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿ ಸಿಲ್ಲಿನ ಉದ್ದಕ್ಕೂ ಅಯಸ್ಕಾಂತ ಆಡಿಸಿದರು. ಪುಟ್ಟಿ ಇದ್ದ ಕಡೆ ಅದು ಹಿಡಿಯುವುದಿಲ್ಲ, ಇಲ್ಲಿ ಎಲ್ಲ ಕಡೆಯೂ ಹಿಡಿಯಿತು. ಎದ್ದು, ಬೆಸುಗೆಯ ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. ಮುಂದಿನ ಬಲಗಡೆಯ ಕಾಲನ್ನು ಯಾಕೆ ಮಾಡಿಸಲಿಲ್ಲ ಎಂದು ಕೇಳಿದರು. ಟೆಸ್ಟರ್ ಅದನ್ನು ಪಾಸು ಮಾಡಿದ್ದ ಎಂದ ಗೆಳೆಯ. "ಮುಂದಿನ ವರ್ಷ ಮಾಡಲಾರ" ಎಂದು ಹೇಳಿ, ಅದಕ್ಕೆಂದು ನೂರು ಪೌಂಡ್ ಕಡಿಮೆ ಮಾಡಿಸಿಕೊಂಡು, 1,100 ಎಣಿಸಿ ಕೊಟ್ಟರು. ನೆಗ್ಗಿನ ಬಗ್ಗೆ ಒಂದು ಮಾತೂ ಆಡಲಿಲ್ಲ.